ಸದ್ದು ಯಾವ ಚಕ್ರದ್ದು? ತೀರ್ಥಹಳ್ಳಿಯಿಂದ ತುಮರಿಯವರೆಗೆ

ಶುಕ್ರವಾರ, ಶಿವಮೊಗ್ಗದಿಂದ ತೀರ್ಥಹಳ್ಳಿ

ತಮ್ಮನ ಮದುವೆ ಮಾಘದಲ್ಲಿ. ಪುಷ್ಯದ ಚಳಿಯಲ್ಲೇ ನೆಂಟರನ್ನೆಲ್ಲ ಕರೆದು ಮುಗಿಸಬೇಕೆಂದು ಅಮ್ಮ ಪಟ್ಟು ಹಿಡಿದಿದ್ದರು. ಮೊಬೈಲಿನಲ್ಲಿ ಲಗ್ನಪತ್ರಿಕೆಯ ಚಿತ್ರ ಕಳಿಸುವುದು ಅವರ ಲೆಕ್ಕದಲ್ಲಿ ಕರೆದಂತಲ್ಲ. ಮನೆ ಬಾಗಿಲಿಗೆ ಹೋಗಿ, ಕುಂಕುಮ ಅಕ್ಷತೆ ಕೊಟ್ಟು, ‘ಎಲ್ಲರೂ ಮುಂಚಿತವಾಗಿ ಬಂದು ನಿಂತು ನಡೆಸಿಕೊಡಬೇಕು’ ಎಂದು ಬಾಯಿ ತುಂಬ ಹೇಳಬೇಕು. ನಮ್ಮ ನೆಂಟರೋ ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಚದುರಿಹೋದವರು. ಬಸ್ಸಿನಲ್ಲಿ ಸುತ್ತಿ ಮುಗಿಯುವ ಕೆಲಸವಲ್ಲ. ಕಾರು ನನ್ನದು, ಓಡಿಸುವವಳೂ ನಾನೇ. ಪಕ್ಕದ ಸೀಟಿನಲ್ಲಿ ಸೋದರಮಾವ, ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಪತ್ರಿಕೆಗಳ ಚೀಲ.

ಕಾರಿನಲ್ಲಿ ಕೆಲವು ದಿನಗಳಿಂದ ಒಂದು ಸದ್ದು ಸೇರಿಕೊಂಡಿತ್ತು. ವೇಗ ಐವತ್ತು ದಾಟುತ್ತಿದ್ದಂತೆ ಸಣ್ಣಗೆ ಗುಂಯ್ ಎಂದು ಶುರುವಾಗಿ, ಎಪ್ಪತ್ತರ ಹೊತ್ತಿಗೆ ದನಿ ಏರಿಸಿಯೇ ಮಾತಾಡಬೇಕಾಗುವಷ್ಟು ದಪ್ಪವಾಗುತ್ತಿತ್ತು. ಹೊರಡುವ ಮುಂಚೆ ಒಂದು ವರ್ಕ್‌ಶಾಪಿಗೆ ತೋರಿಸಿದ್ದೆ. ಅಲ್ಲಿಯವರು ಕಾರನ್ನು ಒಂದು ಸುತ್ತು ಓಡಿಸಿಯೂ ನೋಡದೆ, ‘ಟೈರ್ ಸದ್ದು ಮೇಡಂ, ನಾಲ್ಕನ್ನೂ ಬದಲಿಸಿಬಿಡಿ’ ಎಂದರು. ಟೈರುಗಳ ಗೀರು ಇನ್ನೂ ಆಳವಾಗಿಯೇ ಇತ್ತು. ಕಾಯಿಲೆ ಏನೆಂದು ವಿಚಾರಿಸದೆ ಬರೆದುಕೊಡುವ ಔಷಧಿಯ ಮೇಲೆ ನನಗೆ ಸಿಟ್ಟಿದೆ. ವಾಹನ ಸದ್ದು ಮಾಡುತ್ತಿದೆ ಎಂದರೆ ದೂರು ಹೇಳುತ್ತಿದೆ ಎಂದೇ ಅರ್ಥ. ದೂರನ್ನು ಪೂರ್ತಿ ಕೇಳಿಸಿಕೊಳ್ಳದೆ ತೀರ್ಪು ಕೊಡಬಾರದು.

ಮಾವ ಬಹಳ ವರ್ಷ ಲಾರಿ ಓಡಿಸಿದವರು. ಇಲ್ಲಿಂದ ಅಡಿಕೆ ಮೂಟೆ, ಅಲ್ಲಿಂದ ಮಂಗಳೂರು ಹೆಂಚು, ನಡುವೆ ಘಾಟಿ. ಕಾರು ಹತ್ತುವ ಮೊದಲು ಅವರು ಮಾಡಿಸಿದ ಕೆಲಸವೆಂದರೆ ಡಿಕ್ಕಿ ಖಾಲಿ ಮಾಡಿಸಿದ್ದು. ಸಡಿಲವಾಗಿದ್ದ ಜಾಕಿಯನ್ನು ಹಳೆಯ ಗೋಣಿಯಲ್ಲಿ ಸುತ್ತಿ ಸ್ಟೆಪ್ನಿಯ ಕುಳಿಯಲ್ಲಿ ಬಿಗಿಯಾಗಿ ಕೂರಿಸಿದರು. ಅಮ್ಮನ ಸ್ಟೀಲ್ ಹರಿವಾಣ, ಕುಂಕುಮದ ಭರಣಿ ಟವೆಲ್ಲಿನೊಳಗೆ ಸೇರಿದವು. ಬಾಗಿಲಿನ ಸಂದಿಯಲ್ಲಿದ್ದ ನೀರಿನ ಬಾಟಲಿ, ಡ್ಯಾಶ್‌ಬೋರ್ಡಿನ ಚಿಲ್ಲರೆ ಕಾಸು, ಎಲ್ಲವೂ ಹೊರಗೆ. ‘ನಮ್ಮ ಸಾಮಾನಿನ ಸದ್ದನ್ನು ಮೊದಲು ತೆಗೆಯಬೇಕು ಕೂಸೇ. ಆಮೇಲೆ ಉಳಿದದ್ದು ಮಾತ್ರ ಗಾಡಿಯದು’ ಎಂದರು.

ಗಾಜನೂರು ಅಣೆಕಟ್ಟೆ ಕಳೆದು, ಸಕ್ರೆಬೈಲಿನ ಆನೆ ಬಿಡಾರ ದಾಟಿದ ಮೇಲೆ ರಸ್ತೆ ತುಂಗೆಯ ಪಕ್ಕಪಕ್ಕದಲ್ಲೇ ಸಾಗುತ್ತದೆ. ಮಂಡಗದ್ದೆಯ ನಡುಗಡ್ಡೆಯ ಮರಗಳಲ್ಲಿ ಈಗ ಹಕ್ಕಿಗಳಿಲ್ಲ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿ ಮರಿ ಮಾಡಿಕೊಂಡು ಹೋಗಿರುತ್ತವೆ. ಅಮ್ಮ ನಿಲ್ಲಿಸು ಎನ್ನಲಿಲ್ಲ. ಮಾವ ಮಾತ್ರ ಕಿಟಕಿಯ ಗಾಜು ಇಳಿಸಿ, ಏರಿಸಿ, ಮತ್ತೆ ಇಳಿಸಿ ಕೇಳುತ್ತಿದ್ದರು. ರಸ್ತೆಯ ಪಕ್ಕ ಧರೆಯೋ ಕಾಂಪೌಂಡಿನ ಗೋಡೆಯೋ ಬಂದಾಗ ಹೊರಗಿನ ಸದ್ದು ಗೋಡೆಗೆ ಬಡಿದು ಹಿಂತಿರುಗುತ್ತದೆ, ಆಗ ಅದರ ಸ್ವರೂಪ ಸ್ಪಷ್ಟವಾಗುತ್ತದೆ.

ಮೊದಲ ಪ್ರಶ್ನೆ ಇದು: ಸದ್ದು ಎಂಜಿನ್ನಿನ ಬೆನ್ನು ಹತ್ತಿದೆಯೋ, ಚಕ್ರದ ಬೆನ್ನು ಹತ್ತಿದೆಯೋ? ಸಮತಟ್ಟಾದ ನೇರ ರಸ್ತೆಯಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ, ಅರವತ್ತರ ವೇಗವನ್ನು ಹಾಗೆಯೇ ಹಿಡಿದು ಐದನೇ ಗೇರಿನಿಂದ ನಾಲ್ಕಕ್ಕೆ ಇಳಿಸಿದೆ. ಎಂಜಿನ್ನಿನ ದನಿ ಏರಿತು, ಗುಂಯ್ ಮಾತ್ರ ಕದಲಲಿಲ್ಲ. ಮತ್ತೆ ಕ್ಲಚ್ ಒತ್ತಿ ಹಿಡಿದೆ. ಎಂಜಿನ್ ತಣ್ಣಗಾಯಿತು, ಗುಂಯ್ ಕಾರಿನ ವೇಗದ ಜೊತೆಗೇ ನಿಧಾನವಾಗಿ ಇಳಿಯಿತು. ಅಲ್ಲಿಗೆ ಆಲ್ಟರ್ನೇಟರ್, ಬೆಲ್ಟ್, ಸೈಲೆನ್ಸರ್, ಎಂಜಿನ್ ಮೌಂಟ್ ಎಲ್ಲವೂ ಸಂಶಯದ ಪಟ್ಟಿಯಿಂದ ಹೊರಗೆ. ಇದು ಉರುಳುವ ಭಾಗಗಳದೇ ಸದ್ದು: ಟೈರ್, ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲೆಂದು ನಡುವೆ ಕೂರಿಸಿದ, ಒಳಗೆ ಗುಂಡುಗಳಿರುವ ಬಳೆ), ಡ್ರೈವ್ ಶಾಫ್ಟ್ (ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ದಂಡ), ಬ್ರೇಕ್. ಇಳಿಜಾರಿನಲ್ಲಿ ಯಾರೂ ಈ ಪರೀಕ್ಷೆ ಮಾಡಬಾರದು. ಘಾಟಿಯಲ್ಲಿ ಗೇರೇ ಅರ್ಧ ಬ್ರೇಕು, ಕ್ಲಚ್ ಒತ್ತಿದರೆ ಆ ಅರ್ಧವೂ ಕೈಬಿಡುತ್ತದೆ.

ನಂತರ ವೇಗ ಬದಲಾಗದಷ್ಟು ಹಗುರವಾಗಿ ಬ್ರೇಕ್ ಮುಟ್ಟಿಸಿದೆ. ಸದ್ದು ಬದಲಾಗಲಿಲ್ಲ. ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್ ಸವೆದಿದ್ದರೆ ಅದರಲ್ಲಿರುವ ಸಣ್ಣ ಲೋಹದ ನಾಲಿಗೆ ಡಿಸ್ಕಿಗೆ ತಾಗಿ ಕೀಚಲು ದನಿ ಹೊರಡಿಸುತ್ತದೆ, ಬ್ರೇಕ್ ಒತ್ತಿದಾಗ ಅದು ನಿಲ್ಲುತ್ತದೆ ಅಥವಾ ಬೇರೆಯಾಗುತ್ತದೆ. ನಮ್ಮದು ಅದಲ್ಲ. ಹೊಸದಾಗಿ ಡಾಂಬರು ಹಾಕಿದ ನುಣುಪು ತುಣುಕೊಂದು ಬಂತು, ಅದರ ಬೆನ್ನಿಗೇ ಜಲ್ಲಿ ಎದ್ದ ಹಳೆಯ ತುಣುಕು. ರಸ್ತೆ ಬದಲಾದಾಗ ಟೈರಿನ ಮೊರೆತ ಬದಲಾಯಿತು, ಆದರೆ ಅದರ ಕೆಳಗೆ ಗುಂಯ್ ಬೇರೆಯಾಗಿಯೇ ಉಳಿದಿತ್ತು. ಇದೊಂದೇ ಸಾಕ್ಷಿ ಸಾಲದು. ಆದರೂ ಟೈರಿನ ಮೇಲಿದ್ದ ಅಪವಾದ ಸ್ವಲ್ಪ ಸಡಿಲವಾಯಿತು.

ತೀರ್ಥಹಳ್ಳಿಯ ಕಮಾನು ಸೇತುವೆ ದಾಟುವಾಗ ಸಂಜೆಯಾಗಿತ್ತು. ಎಳ್ಳಮಾವಾಸ್ಯೆ ಜಾತ್ರೆ ಮುಗಿದು ಊರು ತನ್ನ ಪಾಡಿಗೆ ಬಂದಿತ್ತು. ಖಾಲಿ ಮೈದಾನವೊಂದು ಕಂಡಿತು. ಮಾವ ಅಲ್ಲಿ ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ನಿಧಾನವಾಗಿ ಒಂದು ಸುತ್ತು, ಪೂರ್ತಿ ಬಲಕ್ಕೆ ತಿರುಗಿಸಿ ಇನ್ನೊಂದು ಸುತ್ತು ಹೊಡೆಸಿದರು. ಡ್ರೈವ್ ಶಾಫ್ಟಿನ ಹೊರತುದಿಯ ಜಾಯಿಂಟ್ ಸವೆದಿದ್ದರೆ ಹೀಗೆ ತಿರುಗುವಾಗ ಟಕ್ ಟಕ್ ಟಕ್ ಎಂದು ಲೆಕ್ಕ ಹಾಕಿದಂತೆ ಹೊಡೆಯುತ್ತದೆ. ಏನೂ ಇಲ್ಲ. ಟಾರ್ಚ್ ಹಿಡಿದು ಚಕ್ರದ ಹಿಂದೆ ನೋಡಿದೆವು. ಜಾಯಿಂಟನ್ನು ಮುಚ್ಚಿದ ರಬ್ಬರ್ ಬೂಟು ಎಲ್ಲೂ ಹರಿದಿರಲಿಲ್ಲ, ಸುತ್ತ ಗ್ರೀಸ್ ಚೆಲ್ಲಿರಲಿಲ್ಲ.

ಶನಿವಾರ, ತೀರ್ಥಹಳ್ಳಿ ಸುತ್ತಮುತ್ತ ಮತ್ತು ಆಗುಂಬೆ

ಉಳಿದುಕೊಂಡಿದ್ದು ಅಮ್ಮನ ದೊಡ್ಡಪ್ಪನ ಮಗನ ಮನೆಯಲ್ಲಿ. ಅಡಿಕೆ ಕೊಯ್ಲಿನ ಕಾಲ. ಅಂಗಳದ ಮೂಲೆಯ ಒಲೆಯಲ್ಲಿ ಹಂಡೆಯ ತುಂಬ ಸುಲಿದ ಅಡಿಕೆ ಬೇಯುತ್ತಿತ್ತು, ಚೊಗರಿನ ವಾಸನೆ ಬೆಳಗಿನ ಇಬ್ಬನಿಯೊಂದಿಗೆ ಬೆರೆತು ಮನೆಯೊಳಗೆಲ್ಲ ತುಂಬಿತ್ತು. ನೀರುದೋಸೆ ತಿಂದು ಕಾರು ಹೊರಡಿಸಿದರೆ ಚಕ್ರದಿಂದ ಖರ್ರ್ ಖರ್ರ್ ಎಂಬ ಹೊಸ ಸದ್ದು. ಮಾವ ತಲೆ ಎತ್ತಲೂ ಇಲ್ಲ. ರಾತ್ರಿಯ ಇಬ್ಬನಿಗೆ ಬ್ರೇಕ್ ಡಿಸ್ಕಿನ ಮೇಲೆ ತೆಳ್ಳನೆಯ ತುಕ್ಕು ಹಿಡಿದಿರುತ್ತದೆ. ಕೆಲವು ಸಲ ಬ್ರೇಕ್ ಹಾಕಿದರೆ ಪ್ಯಾಡೇ ಅದನ್ನು ಒರೆಸಿ ತೆಗೆಯುತ್ತದೆ. ದಣಪೆ ದಾಟಿ ದೊಡ್ಡ ರಸ್ತೆ ಸೇರುವಷ್ಟರಲ್ಲಿ ಅದು ಹೋಗಿತ್ತು. ಮಲೆನಾಡಿನಲ್ಲಿ ಕಾರು ಇಟ್ಟುಕೊಂಡವರು ಈ ಸದ್ದಿಗೆ ಹೆದರಿ ಗ್ಯಾರೇಜಿಗೆ ಓಡಬೇಕಾಗಿಲ್ಲ.

ಕುಪ್ಪಳಿಯ ಕಡೆಯ ರಸ್ತೆಯಲ್ಲಿ ಎರಡು ಮನೆ, ಒಳದಾರಿಯಲ್ಲಿ ಇನ್ನೂ ಕೆಲವು. ಕವಿಮನೆಯ ಬೋರ್ಡು ಕಂಡಾಗ ಅಮ್ಮನಿಗೆ ಕವಿಶೈಲಕ್ಕೆ ಹೋಗುವ ಆಸೆ. ಹೋದೆವು, ಬಂಡೆಯ ಮೇಲೆ ಸ್ವಲ್ಪ ಹೊತ್ತು ಕುಳಿತೆವು, ಕುವೆಂಪು ಸಮಾಧಿಗೆ ಕೈಮುಗಿದು ಇಳಿದೆವು. ಅಲ್ಲಿಂದ ಮುಂದಿನ ಮನೆಯ ಮಣ್ಣುದಾರಿಯಲ್ಲಿ ಇದ್ದಕ್ಕಿದ್ದಂತೆ ಮುಂದಿನ ಎಡಚಕ್ರದಿಂದ ಕಿವಿ ಸೀಳುವ ಕಿರ್‍ರ್ರ್! ಅಮ್ಮ ಕಿವಿ ಮುಚ್ಚಿಕೊಂಡರು. ಚಕ್ರ ಉರುಳಿದಷ್ಟೂ ಹೊತ್ತು ಲೋಹಕ್ಕೆ ಲೋಹ ಉಜ್ಜುವ ಸದ್ದು, ನಿಂತರೆ ಅದೂ ನಿಂತಿತು.

ಇಂಥ ಗೋಳು ಕೇಳಿ ಬಹಳ ಮಂದಿ ಬ್ರೇಕ್ ಕೆಟ್ಟಿತೆಂದು ಕಂಗಾಲಾಗುತ್ತಾರೆ. ಡಿಸ್ಕಿನ ಒಳಮಗ್ಗುಲಲ್ಲಿ ತೆಳು ತಗಡಿನ ಕವರ್ ಒಂದಿರುತ್ತದೆ. ಜಲ್ಲಿ ದಾರಿಯಲ್ಲಿ ಚಿಮ್ಮಿದ ಸಣ್ಣ ಕಲ್ಲು ಡಿಸ್ಕಿಗೂ ಆ ತಗಡಿಗೂ ನಡುವೆ ಸಿಕ್ಕಿಕೊಂಡರೆ ಹೀಗಾಗುತ್ತದೆ. ಮಾವ ಕಾರನ್ನು ನಿಧಾನವಾಗಿ ಹಿಂದಕ್ಕೆ ಓಡಿಸಲು ಹೇಳಿದರು. ಹಿಂದೆ, ಮುಂದೆ, ಮತ್ತೆ ಹಿಂದೆ. ಎಷ್ಟೋ ಸಲ ಕಲ್ಲು ತಾನಾಗಿ ಉದುರುತ್ತದಂತೆ, ನಮ್ಮದು ಉದುರಲಿಲ್ಲ. ಚಕ್ರ ಬಿಚ್ಚಿ, ಸ್ಕ್ರೂಡ್ರೈವರಿನ ತುದಿಯಿಂದ ತಗಡನ್ನು ಒಂದೆಳೆ ಹೊರಕ್ಕೆ ಬಗ್ಗಿಸಿದಾಗ ಕಡಲೆಬೇಳೆ ಗಾತ್ರದ ಕೆಂಪು ಕಲ್ಲು ನೆಲಕ್ಕೆ ಬಿತ್ತು. ಡಿಸ್ಕಿನ ಮೇಲೆ ಉಗುರಿಗೆ ಸಿಗದಷ್ಟು ಸಣ್ಣ ಗೆರೆ ಮೂಡಿತ್ತು, ಅಷ್ಟೇ. ಕೈಯಲ್ಲಿ ತಗಡನ್ನು ಸರಿಮಾಡಿ, ಎಲ್ಲೂ ತಾಗುತ್ತಿಲ್ಲವೆಂದು ಚಕ್ರ ತಿರುಗಿಸಿ ನೋಡಿ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದೆವು. ಚಕ್ರದ ಬೋಲ್ಟನ್ನು ವರಸೆಯಾಗಿ ಒಂದರ ಪಕ್ಕ ಒಂದು ಬಿಗಿದರೆ ಚಕ್ರ ಓರೆಯಾಗಿ ಕೂರುತ್ತದೆ.

ಮಧ್ಯಾಹ್ನ ಆಗುಂಬೆಗೆ ಹೊರಟೆವು. ಗುಂಯ್ ಎಂದಿನಂತೆ ಜೊತೆಗಿತ್ತು. ಆಗುಂಬೆ ಊರಿನಲ್ಲಿ ಒಂದು ಮನೆ, ಘಾಟಿ ಇಳಿದು ಸೋಮೇಶ್ವರ ದಾಟಿ ಹೆಬ್ರಿಯಲ್ಲಿ ಇನ್ನೊಂದು. ಊರೊಳಗೆ ಕಾರು ನಿಲ್ಲಿಸಿದ ಕೂಡಲೇ ಮಾವ ಇಳಿದು ಒಂದೊಂದು ಚಕ್ರದ ನಡುಭಾಗಕ್ಕೂ ಅಂಗೈ ಹತ್ತಿರ ಒಯ್ದು, ಮುಟ್ಟದೆ ಶಾಖ ನೋಡಿದರು. ಕೊನೆಯ ಒಂದೆರಡು ಕಿಲೋಮೀಟರ್ ನಾನು ಬ್ರೇಕ್ ಹೆಚ್ಚು ಬಳಸದಂತೆ ಅವರೇ ಎಚ್ಚರಿಸಿದ್ದರು, ಇಲ್ಲದಿದ್ದರೆ ಬ್ರೇಕಿನ ಶಾಖ, ಬೇರಿಂಗಿನ ಶಾಖ ಒಂದರೊಳಗೊಂದು ಬೆರೆತುಹೋಗುತ್ತದೆ. ಮುಂದಿನ ಬಲಚಕ್ರ ಉಳಿದವಕ್ಕಿಂತ ಕೊಂಚ ಹೆಚ್ಚು ಬಿಸಿ. ನನ್ನ ಅಂಗೈಗೂ ಅದು ತಿಳಿಯಿತು.

ಅಲ್ಲಿಗೆ ಘಾಟಿ ಇಳಿಯುವ ವಿಚಾರ ಕೈಬಿಟ್ಟೆವು. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಪ್ರತಿ ತಿರುವಿನಲ್ಲೂ ಕಾರಿನ ಭಾರವೆಲ್ಲ ಒಂದು ಮಗ್ಗುಲಿನ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಯಾವ ಚಕ್ರದಲ್ಲಿ, ಎಷ್ಟು ದೂರ ಕೆಟ್ಟಿದೆ ಎಂದು ತಿಳಿಯದೆ ಆ ಇಳಿಜಾರಿಗೆ ಮೂವರನ್ನು ಕೂರಿಸಿಕೊಂಡು ಹೋಗುವುದು ಧೈರ್ಯವಲ್ಲ. ಅಮ್ಮನಿಗೆ ಬೇಸರವಾಯಿತು. ಹೆಬ್ರಿಯ ಅಣ್ಣ ಫೋನಿನಲ್ಲಿ ‘ನಾಡಿದ್ದು ನಾನೇ ಬಸ್ಸಿನಲ್ಲಿ ಬಂದು ಪತ್ರಿಕೆ ತೆಗೆದುಕೊಳ್ಳುತ್ತೇನೆ ಅತ್ತೆ, ನೀವು ಇಳಿಯಬೇಡಿ’ ಎಂದು ಹೇಳಿದ ಮೇಲೆ ಮನಸ್ಸು ಹಗುರವಾಯಿತು. ಸೂರ್ಯಾಸ್ತ ನೋಡಲು ಬಂದವರ ಸಾಲು ಘಾಟಿಯ ತಲೆಯಲ್ಲಿ ಬೆಳೆಯುತ್ತಿತ್ತು. ನಾವು ಕಾರು ತಿರುಗಿಸಿ ಹಿಂದೆ ಬಂದೆವು.

ಭಾನುವಾರ, ಯಡೂರು ದಾರಿಯಲ್ಲಿ ನಗರಕ್ಕೆ

ತೀರ್ಥಹಳ್ಳಿಯಲ್ಲಿ ಬಿಡಿಭಾಗದ ಅಂಗಡಿಗಳು ಬಾಗಿಲು ಹಾಕಿದ್ದವು. ಯಡೂರು, ಮಾಸ್ತಿಕಟ್ಟೆ, ಹುಲಿಕಲ್ಲಿನ ಮೇಲೆ ನಗರಕ್ಕೆ ಹೋಗುವುದೆಂದಾಯಿತು. ನಲವತ್ತರ ಮೇಲೆ ಹೋಗುವುದಿಲ್ಲ, ಎಲ್ಲಾದರೂ ಸ್ಟೀರಿಂಗ್ ನಡುಗಿದರೆ ಅಲ್ಲೇ ನಿಲ್ಲಿಸುವುದು ಎಂಬ ಒಪ್ಪಂದದ ಮೇಲೆ ಹೊರಟೆವು. ನಲವತ್ತರಲ್ಲಿ ಸದ್ದು ತೀರ ಸಣ್ಣದು, ಆದರೆ ಹುಡುಕಿದರೆ ಸಿಗುತ್ತಿತ್ತು. ಕಾಡಿನ ನಡುವೆ ಬೇರೆ ವಾಹನಗಳಿಲ್ಲದ ಆ ರಸ್ತೆ ಕೇಳುವುದಕ್ಕೆಂದೇ ಮಾಡಿದ ಹಾಗಿತ್ತು.

ಆ ದಾರಿಯ ಉದ್ದಕ್ಕೂ ತಿರುವುಗಳು. ಹೇರ್‌ಪಿನ್ನಿನಂತೆ ಕಡಿದಾದವಲ್ಲ, ಉದ್ದಕ್ಕೆ ಬಾಗುವ ಸಾವಕಾಶದ ತಿರುವುಗಳು. ಮಾವ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತು ಬೆರಳಿನಲ್ಲಿ ಸನ್ನೆ ಮಾಡುತ್ತಿದ್ದರು, ಸದ್ದು ಏರಿದರೆ ಬೆರಳು ಮೇಲೆ, ಇಳಿದರೆ ಕೆಳಗೆ. ಎಡತಿರುವಿನಲ್ಲಿ ಬೆರಳು ಮೇಲೆ. ಬಲತಿರುವಿನಲ್ಲಿ ಕೆಳಗೆ. ಮತ್ತೆ ಎಡ, ಮತ್ತೆ ಮೇಲೆ. ಎಲ್ಲಿಯೂ ತಪ್ಪಲಿಲ್ಲ.

ಇದರ ಕಾರಣ ಸರಳ. ಕಾರು ಎಡಕ್ಕೆ ತಿರುಗುವಾಗ ಮೈಭಾರ ಬಲಕ್ಕೆ ವಾಲುತ್ತದೆ, ಬಲಗಡೆಯ ಬೇರಿಂಗುಗಳ ಮೇಲೆ ಒತ್ತಡ ಹೆಚ್ಚುತ್ತದೆ, ಸವೆದ ಬೇರಿಂಗ್ ಆಗ ಜೋರಾಗಿ ನರಳುತ್ತದೆ. ಬಲಕ್ಕೆ ತಿರುಗುವಾಗ ಅದಕ್ಕೆ ಉಸಿರು ಸಿಗುತ್ತದೆ. ಆದ್ದರಿಂದ ಎಡತಿರುವಿನಲ್ಲಿ ಏರುವ ಸದ್ದಿಗೆ ಬಲಗಡೆಯನ್ನು ಹುಡುಕಬೇಕು. ಹೊಸಬರು ಇಲ್ಲೇ ತಿರುಗಾಮುರುಗಾ ಮಾಡಿ, ಸರಿಯಿದ್ದ ಕಡೆಯ ಬೇರಿಂಗ್ ಬದಲಿಸಿ ದುಡ್ಡು ಕಳೆದುಕೊಳ್ಳುವುದು. ಬಲಗಡೆಯೆಂದು ಗೊತ್ತಾಯಿತು. ಮುಂದೋ ಹಿಂದೋ? ಮಾಸ್ತಿಕಟ್ಟೆಯ ಹತ್ತಿರ ಮಾವ ಹಿಂದಿನ ಸೀಟಿಗೆ ಹೋಗಿ ಅಮ್ಮನನ್ನು ಮುಂದೆ ಕೂರಿಸಿದರು. ಕಾರಿನ ತಗಡು ಸದ್ದನ್ನು ಎಲ್ಲಿಂದೆಲ್ಲಿಗೋ ಸಾಗಿಸುವುದರಿಂದ ಕಿವಿಯೊಂದನ್ನೇ ನಂಬುವಂತಿಲ್ಲ. ಆದರೂ ನನ್ನ ಬಲಪಾದದ ಕೆಳಗೆ, ಆಕ್ಸಿಲರೇಟರ್ ಪೆಡಲಿನ ಪಕ್ಕದ ನೆಲದಲ್ಲಿ, ಸಣ್ಣ ಕಂಪನ ಇದ್ದೇ ಇತ್ತು.

ಹುಲಿಕಲ್ಲಿನ ಸುತ್ತಿನ ಕಾಡು ಮಳೆಗಾಲದಲ್ಲಿ ಸುರಿಯುವ ಸುರಿತಕ್ಕೆ ಹೆಸರಾದದ್ದು. ಜನವರಿಯಲ್ಲೂ ರಸ್ತೆಬದಿಯ ಕಲ್ಲುಗಳ ಮೇಲಿನ ಪಾಚಿ ಒಣಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಗರದ ಕೋಟೆ ಕಂಡಿತು. ಕೆಳದಿ ಅರಸರ ಬಿದನೂರು ಇದು. 1763ರಲ್ಲಿ ಹೈದರಾಲಿಯ ವಶವಾಗಿ ಹೈದರ್‌ನಗರವಾಯಿತು, ಈಗ ಬರೀ ನಗರ. ಅಮ್ಮ ಕೋಟೆ ಹತ್ತಲಿಲ್ಲ. ನಾನೂ ಹತ್ತಲಿಲ್ಲ, ನೆಂಟರ ಮನೆಯ ಅಂಗಳ ತಲುಪಿ ಜಾಕಿ ಏರಿಸುವ ತವಕ.

ಆ ಅಂಗಳದಲ್ಲಿ ಕಳೆದ ಸಂಜೆಯೇ ಈ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು. ಸಗಣಿ ಸಾರಿಸಿ ಗಟ್ಟಿಯಾದ ಸಮನೆಲ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಜಂಬಿಟ್ಟಿಗೆಯ ತುಂಡುಗಳನ್ನು ಅಡ್ಡ ಕೊಟ್ಟು, ಗೇರನ್ನು ನ್ಯೂಟ್ರಲ್ಲಿಗೆ ಹಾಕಿ, ಮುಂದಿನ ಎಡಚಕ್ರವನ್ನು ಮೊದಲು ಎತ್ತಿದೆವು. ಸಂಶಯವಿದ್ದದ್ದು ಬಲಗಡೆ, ಎಡವನ್ನು ಮೊದಲು ನೋಡಲು ಕಾರಣ, ಸರಿಯಿರುವ ಚಕ್ರ ಹೇಗಿರುತ್ತದೆಂದು ಕೈಗೆ ತಿಳಿದಿರಬೇಕು. ಒಂದು ಕೈ ಸಸ್ಪೆನ್ಷನ್ ಸ್ಪ್ರಿಂಗಿನ ಸುರುಳಿಯ ಮೇಲೆ, ಇನ್ನೊಂದು ಕೈಯಿಂದ ಚಕ್ರವನ್ನು ಜೋರಾಗಿ ತಿರುಗಿಸುವುದು. ಎಡಚಕ್ರ ತಿರುಗಿತು; ಪ್ಯಾಡಿನ ಹಗುರ ಉಜ್ಜುವಿಕೆ ಬಿಟ್ಟರೆ ಸ್ಪ್ರಿಂಗಿನಲ್ಲಿ ಏನೂ ಇಲ್ಲ. ಬಲಚಕ್ರ ಎತ್ತಿ ಹಾಗೆಯೇ ತಿರುಗಿಸಿದಾಗ ಕಿವಿಗೆ ಹೆಚ್ಚೇನೂ ಕೇಳಲಿಲ್ಲ. ಆದರೆ ಸ್ಪ್ರಿಂಗ್ ಹಿಡಿದ ನನ್ನ ಬೆರಳುಗಳಿಗೆ, ಮರಳು ಬೆರೆತ ಅಕ್ಕಿಯನ್ನು ಒರಳಲ್ಲಿ ತಿರುವುವಾಗ ಗುಂಡಿನ ಮೂಲಕ ಬರುವ ಗರಗರ ಬಂತು. ಕೈ ತೆಗೆದು ಮತ್ತೆ ಇಟ್ಟೆ. ಇದ್ದೇ ಇತ್ತು. ಅಂಗಳದ ಮಕ್ಕಳೆಲ್ಲ ಸರದಿಯಲ್ಲಿ ಬಂದು ಕೈ ಇಟ್ಟು ನೋಡಿದರು.

ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ತಲೆಯನ್ನಾಗಲಿ ಕಾಲನ್ನಾಗಲಿ ತೂರಿಸಲು ಮಾವ ಯಾರಿಗೂ ಬಿಡಲಿಲ್ಲ. ಬಿಚ್ಚಿದ ಸ್ಟೆಪ್ನಿಯನ್ನು ಕಾರಿನ ಅಂಚಿನ ಅಡಿಗೆ ಮಲಗಿಸಿಟ್ಟರು. ಜಾಕಿ ಜಾರಿದರೂ ಕಾರು ಅದರ ಮೇಲೆ ನಿಲ್ಲುತ್ತದೆ.

ಆಮೇಲೆ ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಾಡಿಸಿದರು. ಕೂದಲೆಳೆಯಷ್ಟು ಆಟ, ಅಂದರೆ ಸಡಿಲ. ಎಡಬಲದಲ್ಲಿ ಹಿಡಿದು ಅಲುಗಾಡಿಸಿದಾಗಲೂ ಅಷ್ಟೇ. ಎಡಬಲದಲ್ಲಿ ಮಾತ್ರ ಆಡಿದರೆ ಸ್ಟೀರಿಂಗಿನ ರಾಡ್ ತುದಿ ಸವೆದಿದೆ ಎನ್ನಬಹುದಿತ್ತು. ಎರಡೂ ದಿಕ್ಕಿನಲ್ಲಿ ಸಮನಾಗಿ ಆಡಿದ್ದರಿಂದ ಬೇರಿಂಗೇ ಎಂದರು.

ನನಗೆ ಟೈರಿನ ಮಾತನ್ನು ಇತ್ಯರ್ಥ ಮಾಡದೆ ಬಿಡುವ ಮನಸ್ಸಿರಲಿಲ್ಲ. ಅಂಚು ಏರುಪೇರಾಗಿ ಸವೆದ ಟೈರ್ ಬೇರಿಂಗಿನಂತೆಯೇ ಮೊರೆಯುತ್ತದೆ, ಅನುಭವಿಗಳೂ ಅದರಲ್ಲಿ ಮೋಸಹೋಗುತ್ತಾರೆ. ಮೊದಲು ಟೈರಿನ ಮೈಮೇಲೆ ಅಂಗೈಯನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಎಳೆದು ನೋಡಿದೆ. ಒಂದು ದಿಕ್ಕಿಗೆ ನುಣುಪಾಗಿ, ಇನ್ನೊಂದು ದಿಕ್ಕಿಗೆ ಚೂಪಾಗಿ ತಡೆದರೆ ಸವೆತ ಸರಿಯಿಲ್ಲ. ಎರಡೂ ಕಡೆ ಸಮನಾಗಿತ್ತು. ಆಮೇಲೆ ಬಲಗಡೆಯ ಮುಂದಿನ ಹಿಂದಿನ ಟೈರುಗಳನ್ನು ಅದಲು ಬದಲು ಮಾಡಿದೆವು. ಜಾಕಿ ಒಂದೇ ಇದ್ದರೂ ಇದು ಸಾಧ್ಯ. ಮುಂದಿನದನ್ನು ಬಿಚ್ಚಿ ಆ ಜಾಗಕ್ಕೆ ಸ್ಟೆಪ್ನಿ ಹಾಕುವುದು, ಹಿಂದೆ ಎತ್ತಿ ಅಲ್ಲಿಗೆ ಮುಂದಿನ ಟೈರ್ ಹಾಕುವುದು, ಮತ್ತೆ ಮುಂದೆ ಎತ್ತಿ ಸ್ಟೆಪ್ನಿ ತೆಗೆದು ಹಿಂದಿನದನ್ನು ಹಾಕುವುದು. ಕತ್ತಲಾಗುವ ಮುಂಚೆ ಊರಾಚೆಯ ನೇರ ರಸ್ತೆಯವರೆಗೆ ಹೋಗಿ ಬಂದೆ. ಸದ್ದು ಟೈರಿನ ಜೊತೆ ಹಿಂದಕ್ಕೆ ಹೋಗಿರಲಿಲ್ಲ. ಅದೇ ಬಲಪಾದದ ಕೆಳಗೆ ಅದೇ ಗುಂಯ್.

ಊಟಕ್ಕೆ ಅಪ್ಪೆಹುಳಿ, ಹಲಸಿನ ಹಪ್ಪಳ. ನಾಲ್ಕು ಟೈರಿನ ದುಡ್ಡು ಉಳಿಯಿತೆಂಬುದಕ್ಕಿಂತ, ಕತ್ತಲಲ್ಲಿ ತಡಕಾಡದೆ ಒಂದೊಂದೇ ಬಾಗಿಲು ಮುಚ್ಚುತ್ತ ಸರಿಯಾದ ಬಾಗಿಲಿಗೆ ಬಂದೆವಲ್ಲ ಎಂಬ ತೃಪ್ತಿ ನನಗೆ ದೊಡ್ಡದಾಗಿತ್ತು.

ಸೋಮವಾರ, ಸಾಗರ

ಹೊಸನಗರದಲ್ಲಿ ನಿಲ್ಲದೆ ಬಟ್ಟೆಮಲ್ಲಪ್ಪದ ಮೇಲೆ ನಿಧಾನವಾಗಿ ಸಾಗರಕ್ಕೆ ಬಂದೆವು. ಬೇರಿಂಗ್ ಬದಲಿಸಲು ಅದನ್ನು ಒತ್ತಿ ತೆಗೆದು ಒತ್ತಿ ಕೂರಿಸುವ ಪ್ರೆಸ್ ಯಂತ್ರ ಬೇಕು, ಸುತ್ತಿಗೆಯಿಂದ ಆಗುವ ಕೆಲಸವಲ್ಲ. ಪರಿಚಯದವರು ಹೇಳಿದ ಗ್ಯಾರೇಜಿನಲ್ಲಿ ಮೂವತ್ತು ದಾಟದ ಹುಡುಗನೊಬ್ಬ ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡ. ‘ಎಡಕ್ಕೆ ತಿರುಗಿದಾಗ ಹೆಚ್ಚುತ್ತದೆಯೇ ಅಮ್ಮ?’ ಎಂದು ತಾನಾಗಿ ಕೇಳಿದ. ನನಗೆ ಅಲ್ಲೇ ಭರವಸೆ ಬಂತು. ತಾನೂ ಒಂದು ಸುತ್ತು ಓಡಿಸಿ ಬಂದು, ಬಿಚ್ಚಲು ಶುರು ಮಾಡಿದ.

ಅಮ್ಮ ಆಟೋ ಮಾಡಿಕೊಂಡು ಪೇಟೆಯ ಮನೆಗಳನ್ನು ಕರೆಯಲು ಹೋದರು. ಅಘೋರೇಶ್ವರನ ದರ್ಶನಕ್ಕೆ ಇಕ್ಕೇರಿಗೆ ನನ್ನನ್ನೂ ಕರೆದರು, ನಾನು ಗ್ಯಾರೇಜು ಬಿಟ್ಟು ಕದಲಲಿಲ್ಲ.

ಚಕ್ರವನ್ನು ಹೊತ್ತು ತಿರುಗುವ ಹಬ್ಬಿನ ನಡುವಿನ ದೊಡ್ಡ ನಟ್ಟು ಬಿಚ್ಚಿ, ಪ್ಯಾಡುಗಳನ್ನು ಹಿಡಿದಿರುವ ಬ್ರೇಕಿನ ಕ್ಯಾಲಿಪರನ್ನು ಹೋಸ್ ಪೈಪಿನ ಮೇಲೆ ಜೋತುಬಿಡದೆ ತಂತಿಯಲ್ಲಿ ಕಟ್ಟಿ ತೂಗುಹಾಕಿದ. ಕೈಕೆಲಸ ಬಲ್ಲವನ ಲಕ್ಷಣ ಇಂಥ ಸಣ್ಣ ಕಡೆಯಲ್ಲೇ ತಿಳಿಯುವುದು. ಪ್ರೆಸ್ಸಿನಲ್ಲಿ ಹಬ್ ಠಣ್ ಎಂದು ಹೊರಬಂತು. ಹಳೆಯ ಬೇರಿಂಗಿನ ಸೀಲ್ ಎಬ್ಬಿಸಿ ನನ್ನ ಕೈಗೆ ಕೊಟ್ಟ. ಒಳಗೆ ಜೇನಿನ ಬಣ್ಣದಲ್ಲಿರಬೇಕಾದ ಗ್ರೀಸ್ ತುಕ್ಕುಗೆಂಪಾಗಿ, ತೆಳ್ಳಗೆ ನೀರುನೀರಾಗಿತ್ತು. ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದಾಗ ಗುಂಡುಗಳು ಉರುಳುವ ಹಾದಿಯಲ್ಲಿ ಒಂದೆಡೆ ಲೋಹದ ಮೇಲ್ಪದರ ಚಕ್ಕೆ ಎದ್ದು ಸಾಸಿವೆಯಷ್ಟು ಗುಳಿಗಳು ಸಾಲಾಗಿ ಕಂಡವು. ಪ್ರತಿ ಗುಂಡೂ ಆ ಗುಳಿಗಳ ಮೇಲೆ ಹಾಯುವಾಗ ಒಂದು ಸಣ್ಣ ಪೆಟ್ಟು. ವೇಗ ಹೆಚ್ಚಿದಂತೆ ಆ ಪೆಟ್ಟುಗಳು ಒತ್ತೊತ್ತಾಗಿ ಸೇರಿ ಕೂಡಿ ಒಂದೇ ದನಿಯಾಗುತ್ತವೆ. ಶಿವಮೊಗ್ಗದಿಂದ ಇಲ್ಲಿಯವರೆಗೆ ಕೇಳಿಸಿಕೊಂಡು ಬಂದದ್ದು ಅದನ್ನೇ.

‘ನೀರು ಹೋಗಿದೆ. ಈ ಕಡೆಯ ಗಾಡಿಗಳಿಗೆಲ್ಲ ಇದೇ ಕಾಟ’ ಎಂದ ಹುಡುಗ. ಮಳೆಗಾಲದಲ್ಲಿ ಹಳ್ಳ ಉಕ್ಕಿ ರಸ್ತೆಯ ಮೇಲೆ ಹರಿಯುತ್ತದೆ. ಓಡಿ ಬಿಸಿಯಾದ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಸದ್ದು ಅವತ್ತೇ ಬರುವುದಿಲ್ಲ. ತುಕ್ಕು ತನ್ನ ಕೆಲಸ ಮುಗಿಸಿ, ಮಳೆ ಮರೆತುಹೋದ ಮೇಲೆ ಬರುತ್ತದೆ.

ಹೊಸ ಬೇರಿಂಗ್ ಕೂರಿಸುವಾಗ ಎರಡು ವಿಷಯಗಳನ್ನು ಆತ ನನಗೆ ತೋರಿಸಿಯೇ ಮಾಡಿದ. ಒಂದು, ಅದನ್ನು ಒಳಗೆ ಒತ್ತುವಾಗ ಹೊರಬಳೆಯ ಮೇಲೆ ಮಾತ್ರ ಭಾರ ಹಾಕಬೇಕು. ಒಳಬಳೆಯ ಮೇಲೆ ಒತ್ತಿದರೆ ಆ ಭಾರವೆಲ್ಲ ಗುಂಡುಗಳ ಮೂಲಕ ಹಾದು ಹೊಚ್ಚಹೊಸ ಹಾದಿಯಲ್ಲೇ ಕುಳಿ ಬೀಳುತ್ತದೆ, ಹೊಸ ಬೇರಿಂಗ್ ಹಾಕಿದ ದಿನವೇ ಹಳೆಯ ಸದ್ದು ಶುರುವಾಗುತ್ತದೆ. ಇನ್ನೊಂದು, ಎ.ಬಿ.ಎಸ್. (ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ನನ್ನ ಕಾರಿನಲ್ಲಿ ಬೇರಿಂಗಿನ ಒಂದು ಮಗ್ಗುಲಿಗೆ ಅಯಸ್ಕಾಂತದ ಪಟ್ಟಿ ಇರುತ್ತದೆ, ಅದು ಸೆನ್ಸರಿನ ಕಡೆಗೇ ಮುಖ ಮಾಡಬೇಕು. ತಿರುಗಾಮುರುಗಾ ಆದರೆ ಚಕ್ರದ ವೇಗ ತಿಳಿಯದೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿಕೊಳ್ಳುತ್ತದೆ. ನಡುವಿನ ನಟ್ಟನ್ನು ಹೊಸದೇ ಹಾಕಿ, ಅಳತೆಯ ಸ್ಪ್ಯಾನರಿನಲ್ಲಿ ಬಿಗಿದ. ಬೇರಿಂಗೂ ಕೂಲಿಯೂ ಸೇರಿ ಒಂದು ಟೈರಿನ ಬೆಲೆಯಷ್ಟೂ ಆಗಲಿಲ್ಲ. ಆತ ಕೇಳಿದ್ದಕ್ಕಿಂತ ಹೆಚ್ಚು ಕೊಡಲು ಮಾವ ಹೋದಾಗ ತೆಗೆದುಕೊಳ್ಳಲಿಲ್ಲ. ಅಮ್ಮ ಒಂದು ಲಗ್ನಪತ್ರಿಕೆಯನ್ನು ಅವನ ಹೆಸರು ಬರೆದು ಕೊಟ್ಟರು.

ಮಂಗಳವಾರ, ತುಮರಿ

ಕೊನೆಯ ಮನೆಗಳು ಶರಾವತಿ ಹಿನ್ನೀರಿನ ಆಚೆ, ತುಮರಿ ಸೀಮೆಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದ ಮೇಲೆ ಆ ಊರುಗಳಿಗೂ ಸಾಗರಕ್ಕೂ ನಡುವೆ ನೀರು ನಿಂತಿತು. ನಾನು ಚಿಕ್ಕವಳಿದ್ದಾಗಿನಿಂದಲೂ ಅಲ್ಲಿಗೆ ಹೋಗುವುದೆಂದರೆ ಲಾಂಚಿಗೆ ಕಾಯುವುದು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಿದೆ, ಎರಡು ಕಿಲೋಮೀಟರಿಗೂ ಉದ್ದ. ರಾತ್ರಿ ಹೊತ್ತು ಹೆರಿಗೆ ನೋವೆದ್ದರೆ, ಎದೆನೋವು ಬಂದರೆ ಲಾಂಚಿನ ದಾರಿ ನೋಡಿದ ಜನರಿಗೆ ಈ ಸೇತುವೆ ಏನೆಂದು ದಾಟುವಾಗ ಅಮ್ಮ ಒಂದೊಂದೇ ಮನೆಯ ಕಥೆ ಹೇಳಿದರು. ಸದ್ದಿನ ಕಡೆ ಗಮನವಿಡಬೇಕೆಂದು ಮಾವ ಹೇಳಿದ್ದು ಆ ಕಥೆಗಳ ನಡುವೆ ಮರೆತೇ ಹೋಯಿತು. ಸೇತುವೆ ಮುಗಿದ ಮೇಲೆ ‘ಏನಾದರೂ ಕೇಳಿತೇ?’ ಎಂದರು. ಕೇಳಿರಲಿಲ್ಲ. ಅಮ್ಮ ಮೆಲುದನಿಯಲ್ಲೇ ಅಷ್ಟೂ ಹೇಳಿದ್ದರು, ಹಿಂದಿನ ಸೀಟಿನಿಂದ ನನಗೆ ಪ್ರತಿ ಮಾತೂ ಕೇಳಿತ್ತು.

ತುಮರಿಯಿಂದ ಒಳಗಿನ ಗುಂಡಿ ರಸ್ತೆಯಲ್ಲಿ ಮುಂದಿನ ಎಡಗಡೆ ಕಟ್ ಕಟ್ ಎಂದಿತು. ಗುಂಯ್ ಇದ್ದಷ್ಟು ದಿನ ಅದರಡಿ ಅಡಗಿದ್ದದ್ದು ಈಗ ಕೇಳತೊಡಗಿತ್ತು. ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಧಾನವಾಗಿ ಒಂದು ಚಕ್ರ ಮಾತ್ರ ಗುಂಡಿಗೆ ಇಳಿದಾಗ ಬರುತ್ತದೆ, ಎರಡೂ ಚಕ್ರ ಒಟ್ಟಿಗೆ ಹಂಪು ಹತ್ತಿದರೆ ಬರುವುದಿಲ್ಲ. ಮಾವ ಇಳಿದು, ಮುಂದಿನ ಬಾಗಿಲಿನ ಕಂಬ ಹಿಡಿದು ಕಾರನ್ನು ಆಚೀಚೆ ತೂಗಿಸಿದರು. ನಾನು ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಲ್ಲಿಸಿ, ಚಕ್ರದ ಹಿಂದಿನ ಲಿಂಕ್ ರಾಡನ್ನು, ಅಂದರೆ ಕಾರು ವಾಲದಂತೆ ತಡೆಯುವ ಸರಳಿಗೆ ಜೋಡಿಸಿದ ಕಡ್ಡಿಯನ್ನು, ಬೆರಳಿನಿಂದ ಹಿಡಿದೆ. ಪ್ರತಿ ತೂಗಿಗೂ ಅದರ ಮೇಲ್ತುದಿಯ ಗುಂಡು ಬೆರಳಿಗೆ ಕಟ್ ಎಂದು ಕುಟ್ಟಿತು. ಇದು ಕಾಯಬಲ್ಲ ಸದ್ದು. ಇದರಿಂದ ಚಕ್ರ ಕಳಚಿಕೊಳ್ಳುವುದಿಲ್ಲ, ತಿರುವಿನಲ್ಲಿ ಕಾರು ಕೊಂಚ ಹೆಚ್ಚು ವಾಲಬಹುದು, ಅಷ್ಟೇ. ಬೇರಿಂಗಿನ ಸದ್ದು, ಬ್ರೇಕಿನ ಸದ್ದು, ಸ್ಟೀರಿಂಗಿನ ಆಟ ಇವು ಮೂರು ಕಾಯುವಂಥವಲ್ಲ.

ಉಳಿದ ಪತ್ರಿಕೆಗಳನ್ನು ಕೊಟ್ಟು, ತೊಡೆದೇವಿನ ಡಬ್ಬಿ ಕಟ್ಟಿಸಿಕೊಂಡು ರಾತ್ರಿ ಶಿವಮೊಗ್ಗ ಸೇರಿದೆವು. ಮರುದಿನ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಲಿಂಕ್ ರಾಡ್ ಜೋಡಿ ತಂದು ಎರಡೂ ಕಡೆ ಹಾಕಿಸಿದೆ.